ಎರಡು ತಾಲ್ಲೂಕಿನ ಕಣ್ಣು

ಶಾಲೆಗಳಿಗೆ ಹೋಗಿ ಮಕ್ಕಳ ಕಣ್ಣು ಪರೀಕ್ಷೆ ಮಾಡುವುದು ನನ್ನ ಕೆಲಸ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಂದು ಸುತ್ತಿ ಸುತ್ತಿ, ನಾನು ಮೊಳೆ ಹೊಡೆಯದ ಶಾಲೆಯ ಗೋಡೆಯೇ ಈ ಕಡೆ ಉಳಿದಿಲ್ಲ ಎಂದು ಜೊತೆಯವರು ತಮಾಷೆ ಮಾಡುತ್ತಾರೆ. ಮೊಳೆಗೆ ಅಕ್ಷರದ ಚಾರ್ಟು ನೇತುಹಾಕಬೇಕು. ಟೇಪು ಹಿಡಿದು ಇಪ್ಪತ್ತು ಅಡಿ ಅಳೆದು ಸೀಮೆಸುಣ್ಣದಲ್ಲಿ ಗೆರೆ ಎಳೆಯಬೇಕು. ಮಗು ಆ ಗೆರೆಯ ಮೇಲೆ ನಿಂತು, ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು, ಮೇಲಿನ ದೊಡ್ಡ ಅಕ್ಷರದಿಂದ ಕೆಳಗಿನ ಸಣ್ಣ ಅಕ್ಷರಗಳವರೆಗೆ ಓದಬೇಕು. ಕೆಳಗಿನ ಸಾಲಿನಲ್ಲಿ ಒಂದು ತಪ್ಪಾದರೆ ನಾನು ಬಿಟ್ಟುಬಿಡುತ್ತೇನೆ. ಅದಕ್ಕಿಂತ ಹೆಚ್ಚಾದರೆ ಹೆಸರಿನ ಮುಂದೆ ಗುರುತು ಹಾಕಿ ಕನ್ನಡಕಕ್ಕೆ ಬರೆಯುತ್ತೇನೆ.

ನಾನು ಹುಟ್ಟಿ ಬೆಳೆದದ್ದು ಜಗಳೂರಿನ ಕಡೆ. ಅಪ್ಪ ಕೂಲಿಗೆ ಹೋಗುತ್ತಿದ್ದರು, ಜೊತೆಗೆ ನಾಲ್ಕೈದು ಕುರಿ ಸಾಕಿದ್ದರು. ದೂರದ ದಿಬ್ಬದ ಮೇಲೆ ಬೇರೆಯವರ ಹಿಂಡಿನೊಳಗೆ ಸೇರಿಕೊಂಡು ಮೇಯುತ್ತಿದ್ದರೂ ನಮ್ಮ ಕುರಿ ಯಾವುದೆಂದು ಮನೆಯ ಮುಂದೆ ನಿಂತೇ ಹೇಳುತ್ತಿದ್ದರು. ಓದು ಮುಗಿಸಿ, ಕೆಲಸ ಸಿಕ್ಕಿ, ಚನ್ನಗಿರಿಯಲ್ಲಿ ಮನೆ ಮಾಡಿದ ಮೇಲೂ ನನ್ನ ತಲೆಯಲ್ಲಿ ಒಂದು ನಂಬಿಕೆ ಉಳಿದುಕೊಂಡಿತ್ತು. ಬಯಲಿನಲ್ಲಿ ಬೆಳೆದವರ ಕಣ್ಣು ಚುರುಕು, ದೂರ ನೋಡಿ ನೋಡಿ ಪಳಗಿರುತ್ತದೆ ಎಂದು. ಚನ್ನಗಿರಿಯಲ್ಲಿ ಯಾರಾದರೂ ‘ನಿಮ್ಮ ಕಡೆ ಏನೈತೆ ಮೇಡಂ, ಬರೀ ಮೆಕ್ಕೆಜೋಳ, ಶೇಂಗಾ’ ಎಂದರೆ, ‘ಕಣ್ಣೈತಲ್ಲ’ ಎನ್ನುತ್ತಿದ್ದೆ. ಅವರು ನಗುತ್ತಿದ್ದರು. ನಾನು ಮಾತ್ರ ಅದನ್ನು ಪೂರ್ತಿ ತಮಾಷೆಗೆ ಹೇಳುತ್ತಿರಲಿಲ್ಲ.

ಕೆಲವು ವರ್ಷಗಳ ಹಿಂದೆ ಎಲ್ಲ ಮಕ್ಕಳನ್ನೂ ನೋಡುವಷ್ಟು ಸಮಯ ಸಿಗಲಿಲ್ಲ. ಮೊದಲು ಒಂದಷ್ಟು ಮಕ್ಕಳನ್ನು ನೋಡಿ, ಎಲ್ಲಿ ತೊಂದರೆ ಹೆಚ್ಚಿದೆ ಎಂದು ತಿಳಿದು, ಅಲ್ಲಿಂದ ಕೆಲಸ ಶುರು ಮಾಡೋಣ ಎಂದು ನಮ್ಮ ಮೇಲಿನ ಡಾಕ್ಟರು ಹೇಳಿದರು. ಮೊದಲಿಗೆ ಚನ್ನಗಿರಿ ಮತ್ತು ಜಗಳೂರು. ಒಂದೊಂದು ತಾಲ್ಲೂಕಿನಿಂದ ಇನ್ನೂರು ಮಕ್ಕಳು. ನಾನು ಹಾಜರಿ ಪುಸ್ತಕದ ಹೆಸರುಗಳನ್ನು ಚೀಟಿಯಲ್ಲಿ ಬರೆದು, ಡಬ್ಬಿಗೆ ಹಾಕಿ ಕುಲುಕಿ, ಕಣ್ಣು ಮುಚ್ಚಿ ಎತ್ತಿದೆ. ಬೇಕಾದವರನ್ನು ಆರಿಸಿಕೊಂಡೆ ಅನ್ನುವ ಮಾತು ಬರಬಾರದಿತ್ತು.

ಒಂದೂವರೆ ತಿಂಗಳು ಹಿಡಿಯಿತು. ಚನ್ನಗಿರಿ ಕಡೆಯ ಶಾಲೆಗಳಲ್ಲಿ ಉದ್ದನೆಯ ಕೋಣೆಗಳು ಸಿಕ್ಕವು. ಮಕ್ಕಳನ್ನು ಒಬ್ಬೊಬ್ಬರಾಗಿ ಒಳಗೆ ಕರೆದು ನೋಡಿದೆ. ಜಗಳೂರಿನ ಕಡೆ ನಾನು ಹೋದ ಶಾಲೆಗಳಲ್ಲಿ ಇಪ್ಪತ್ತು ಅಡಿ ಉದ್ದದ ಖಾಲಿ ಕೋಣೆ ಇರಲಿಲ್ಲ. ವರಾಂಡದಲ್ಲೇ ಚಾರ್ಟು ಹಾಕಿದೆ. ಬೆಳಕೂ ಚೆನ್ನಾಗಿತ್ತು, ಗಾಳಿಯೂ ಇತ್ತು. ಸರದಿಯ ಮಕ್ಕಳು ಗೋಡೆಗೆ ಬೆನ್ನು ಹಚ್ಚಿ ಸಾಲಾಗಿ ಕೂತಿರುತ್ತಿದ್ದರು.

ಎಲ್ಲ ಮುಗಿದು ಲೆಕ್ಕ ಹಾಕಿದಾಗ ಚನ್ನಗಿರಿಯ ಇನ್ನೂರರಲ್ಲಿ ಇಪ್ಪತ್ತಾರು ಮಕ್ಕಳಿಗೆ ದೂರದ ದೃಷ್ಟಿ ಮಂದವಿತ್ತು. ಜಗಳೂರಿನ ಇನ್ನೂರರಲ್ಲಿ ಹನ್ನೆರಡು. ನನಗೆ ಎಷ್ಟು ಖುಷಿಯಾಯಿತೆಂದರೆ, ಇನ್ನೊಮ್ಮೆ ಎಣಿಸಿದೆ. ಮತ್ತೆ ಹನ್ನೆರಡೇ.

ಆದರೆ ಇನ್ನೂರು ಮಕ್ಕಳನ್ನು ನೋಡಿ ಇಡೀ ತಾಲ್ಲೂಕಿನ ಮಾತಾಡಬಹುದೇ ಎಂಬ ಅಳುಕೂ ಇತ್ತು. ಸಂತೇಬೆನ್ನೂರಿನಲ್ಲಿ ನನಗೆ ಪರಿಚಯದ ಒಬ್ಬ ಮೇಷ್ಟ್ರು ಇದ್ದರು. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಹೇಳಿ ನಿವೃತ್ತರಾದವರು. ಅವರ ಕಣ್ಣಿನ ಪೊರೆ ತೆಗೆಸಿದಾಗ ವಾರಗಟ್ಟಲೆ ಮನೆಗೆ ಹೋಗಿ ನೋಡಿಕೊಂಡು ಬಂದಿದ್ದೆ. ಸಂತೆಯ ದಿನ ಅವರ ಮನೆಗೆ ಹೋದೆ. ಸೊಸೆ ಅವಲಕ್ಕಿ ಒಗ್ಗರಣೆ ಹಾಕಿಕೊಟ್ಟರು. ಮೊಮ್ಮಕ್ಕಳ ಗಲಾಟೆಯ ನಡುವೆ ಮೇಷ್ಟ್ರು ನನ್ನ ಪುಸ್ತಕ ನೋಡಿದರು.

“ಈ ಇಪ್ಪತ್ತಾರು ಅನ್ನೋದು ನೀವು ಎತ್ತಿದ ಚೀಟಿಗಳ ಇಪ್ಪತ್ತಾರು,” ಎಂದರು. “ಬೇರೆ ಇನ್ನೂರು ಚೀಟಿ ಬಂದಿದ್ರೆ ಇಪ್ಪತ್ತೊಂದು ಆಗ್ತಿತ್ತೋ, ಮೂವತ್ತು ಆಗ್ತಿತ್ತೋ. ತಾಲ್ಲೂಕಿನ ನಿಜವಾದ ಪ್ರಮಾಣ ಇದರ ಆಚೀಚೆ ಎಲ್ಲೋ ಐತೆ. ಎಷ್ಟು ಆಚೀಚೆ ಅನ್ನೋದಕ್ಕೆ ಲೆಕ್ಕ ಐತೆ. ಕಾನ್ಫಿಡೆನ್ಸ್ ಇಂಟರ್ವಲ್ ಅಂತಾರೆ.”

ಇಂಟರ್ವಲ್ ಅಂದರೆ ಆವರೆಗೆ ನನಗೆ ಗೊತ್ತಿದ್ದದ್ದು ಟಾಕೀಸಿನದು. ಹಾಗೆಂದು ಹೇಳಿದಾಗ ಅವರು ಜೋರಾಗಿ ನಕ್ಕರು. ಮೊಮ್ಮಗಳ ಸ್ಲೇಟು ಇಸಿದುಕೊಂಡು ಒಂದರ ಕೆಳಗೊಂದು ಎರಡು ಅಡ್ಡ ಗೆರೆ ಎಳೆದರು. ಚನ್ನಗಿರಿಯದು ನೂರಕ್ಕೆ ಎಂಟರಿಂದ ಹದಿನೆಂಟರ ಹತ್ತಿರದವರೆಗೆ ಹೋಯಿತು. ಜಗಳೂರಿನದು ಸುಮಾರು ಮೂರರಿಂದ ಒಂಬತ್ತರವರೆಗೆ. ಎಂಟು, ಒಂಬತ್ತರ ಜಾಗದಲ್ಲಿ ಎರಡೂ ಗೆರೆಗಳು ಒಂದರ ಮೇಲೊಂದು ಸ್ವಲ್ಪ ಬಂದಿದ್ದವು. ನನ್ನ ಮುಖ ಸಣ್ಣದಾಯಿತು.

“ಹಂಗಾದ್ರೆ ವ್ಯತ್ಯಾಸ ಇಲ್ಲ ಅಂತ ಆಯ್ತಲ್ಲ ಸರ್?”

“ಎಲ್ರೂ ಇಲ್ಲೇ ತಪ್ಪೋದು ಕಣಮ್ಮ. ಗೆರೆ ಸ್ವಲ್ಪ ಮೇಲೆ ಮೇಲೆ ಬಂತು ಅಂತ ಹಂಗೆ ಹೇಳಾಕೆ ಬರಲ್ಲ. ಚನ್ನಗಿರಿದು ತೀರಾ ಕೆಳಗಿನ ತುದೀಲಿ, ಜಗಳೂರಿಂದು ತೀರಾ ಮೇಲಿನ ತುದೀಲಿ, ಎರಡೂ ಒಟ್ಟಿಗೇ ಆಗೋದು ಅಪರೂಪ. ನಿಮಗೆ ಬೇಕಾಗಿರೋದು ಇವೆರಡರ ನಡುವಿನ ಅಂತರ. ಅದಕ್ಕೇ ಬೇರೆ ಒಂದು ಗೆರೆ ಎಳೀಬೇಕು.”

ನೂರಕ್ಕೆ ಹದಿಮೂರರಲ್ಲಿ ಆರು ಕಳೆದರೆ ಏಳು. ಎರಡೂ ಕಡೆಯ ಅಲುಗಾಟದ ವರ್ಗಗಳನ್ನು ಕೂಡಿಸಿ, ವರ್ಗಮೂಲ ತೆಗೆದು, ಎರಡರಷ್ಟು ಮಾಡಿ, ಏಳರ ಆಚೆಗೊಮ್ಮೆ ಈಚೆಗೊಮ್ಮೆ ಇಟ್ಟರು. ಅಂತರದ ಗೆರೆ ನೂರಕ್ಕೆ ಒಂದಕ್ಕಿಂತ ಸ್ವಲ್ಪ ಮೇಲೆ ಶುರುವಾಗಿ ಹದಿಮೂರರ ಹತ್ತಿರ ಮುಗಿಯಿತು.

“ನೋಡ್ರಿ, ಸೊನ್ನೆ ಇದರೊಳಗೆ ಬರಲಿಲ್ಲ. ಸೊನ್ನೆ ಅಂದ್ರೆ ಎರಡೂ ಕಡೆ ಸಮ ಅಂತ. ಚೀಟಿ ಎತ್ತೋದರಿಂದ ಹಿಡಿದು ಇದೇ ಕೆಲಸ ನೂರು ಸಲ ಹೊಸದಾಗಿ ಮಾಡಿದ್ರೆ, ನಿಜವಾದ ಅಂತರ ತೊಂಬತ್ತೈದು ಸಲದಷ್ಟು ನಾವು ಎಳೆದ ಗೆರೆಯೊಳಗೇ ಸಿಗ್ತೈತೆ. ಹಂಗಾಗಿ, ವ್ಯತ್ಯಾಸ ಐತೆ ಅಂತ ಹೇಳಬಹುದು. ಏಳೇ ಅಂತ ಮಾತ್ರ ಹೇಳಬೇಡ್ರಿ. ಎರಡೂ ಇರಬಹುದು, ಹನ್ನೆರಡೂ ಇರಬಹುದು.”

ನಾನು ಪುಸ್ತಕ ಮುಚ್ಚಿ ಏಳುವಷ್ಟರಲ್ಲಿ ಅವರು ಮತ್ತೆ ಕೂರಿಸಿದರು.

“ಒಂದು ಮಾತು. ಈ ಲೆಕ್ಕ ಚೀಟಿ ಎತ್ತಿದ್ದರ ಏರುಪೇರು ಮಾತ್ರ ನೋಡ್ತೈತೆ. ಪರೀಕ್ಷೇಲಿ ಎಡವಟ್ಟಾಗಿದ್ರೆ ಇದಕ್ಕೆ ಕಾಣ್ಸಲ್ಲ. ಎರಡೂ ಕಡೆ ಒಂದೇ ಥರ ಮಾಡಿದ್ರಾ?”

“ಅದೇ ಚಾರ್ಟು, ಅದೇ ಟೇಪು. ಎಲ್ಲಾ ಕಡೆ ನಾನೇ ಮಾಡಿದ್ದು ಸರ್,” ಎಂದೆ. ಸುಳ್ಳು ಹೇಳುತ್ತಿದ್ದೇನೆ ಎಂದು ಅನ್ನಿಸಲೇ ಇಲ್ಲ. ಕೋಣೆ ಮತ್ತು ವರಾಂಡ ಎರಡು ಬೇರೆ ವಿಷಯ ಎಂಬುದು ನನ್ನ ತಲೆಗೇ ಹೊಳೆದಿರಲಿಲ್ಲ.

ಮುಂದಿನ ಸಭೆಯಲ್ಲಿ ಎದ್ದು ನಿಂತು ಹೇಳಿದೆ. ಮೇಷ್ಟ್ರು ಹೇಳಿಕೊಟ್ಟಂತೆ ಬೋರ್ಡಿನ ಮೇಲೆ ಅಂತರದ ಗೆರೆ ಎಳೆದು, ಸೊನ್ನೆ ಎಲ್ಲಿದೆ ಎಂದು ತೋರಿಸಿದೆ. ಡಾಕ್ಟರು ಮೆಚ್ಚಿಕೊಂಡು ಡೈರಿಯಲ್ಲಿ ಬರೆದುಕೊಂಡರು. ಕಾರಣ ಏನಿರಬಹುದು ಎಂದು ಅಲ್ಲೇ ಚರ್ಚೆ ಶುರುವಾಯಿತು. ಬಯಲಲ್ಲಿ ಆಡುವ ಮಕ್ಕಳು, ದೂರ ನೋಡುವ ಅಭ್ಯಾಸ ಎಂದು ಒಬ್ಬರು. ಬಿಸಿಲು ಒಳ್ಳೆಯದು ಎಂದು ಇನ್ನೊಬ್ಬರು. ಹೊನ್ನಾಳಿಯಿಂದ ಬಂದಿದ್ದ ಸಹೋದ್ಯೋಗಿ, “ನಮ್ ಕಡೆ ಹೊಳೆ ಐತೆ, ಗದ್ದೆ ಐತೆ. ನಮ್ ಮಕ್ಕಳ ಕಣ್ಣು ಯಾವ ಲೆಕ್ಕಕ್ಕೆ ಬರ್ತಾವೋ!” ಎಂದು ಎಲ್ಲರನ್ನೂ ನಗಿಸಿದರು. ಕೆಲಸವನ್ನು ಚನ್ನಗಿರಿಯಿಂದ ಶುರು ಮಾಡುವುದು, ಆಮೇಲೆ ಹೊನ್ನಾಳಿ, ನ್ಯಾಮತಿ, ಕೊನೆಗೆ ಜಗಳೂರು ಎಂದು ತೀರ್ಮಾನವಾಯಿತು. ನನ್ನ ಊರಿನ ಸರದಿ ಕೊನೆಗೆ ಹೋಗುವಂತೆ ನಾನೇ ಮಾಡಿದ್ದೆ. ಆಗ ಅದೂ ಹೆಮ್ಮೆಯ ವಿಷಯವಾಗಿಯೇ ಕಂಡಿತ್ತು.

ಆ ಹನ್ನೆರಡು ಮಕ್ಕಳ ಕನ್ನಡಕಗಳು ಬಂದವು. ಹಂಚಲು ಜಗಳೂರಿನ ಕಡೆ ಹೊರಟೆ. ಒಂದು ಹಳ್ಳಿಯ ಶಾಲೆಗೆ ಹೋದಾಗ ಮಧ್ಯಾಹ್ನದ ಬಿಡುವು. ಅಂಗಳದಲ್ಲಿ ಹುಡುಗಿಯರು ಕುಂಟೆಬಿಲ್ಲೆ ಆಡುತ್ತಿದ್ದರು. ಒಂದೊಂದು ಮನೆ ದಾಟುವಾಗಲೂ ಒಂದೊಂದು ಅಕ್ಷರ ಕೂಗುತ್ತಿದ್ದರು.

“ನ! ಗ! ರ! ಪ! ಟ! ದ! ಲ!”

ಒಳ್ಳೆಯ ಹಾಡು ಕಟ್ಟಿಕೊಂಡಿದ್ದಾರಲ್ಲ ಎಂದು ಎರಡು ಹೆಜ್ಜೆ ಮುಂದೆ ಹೋದವಳು ಹಾಗೇ ನಿಂತೆ. ಅದು ನನ್ನ ಚಾರ್ಟಿನ ಕೊನೆಯ ಸಾಲು. ಆದರೆ ಚಾರ್ಟಿನಲ್ಲಿ ಇರುವುದು ‘ಪ’ ಅಲ್ಲ, ‘ವ’. ಪರೀಕ್ಷೆಯ ದಿನ ಅದೇ ವರಾಂಡದಲ್ಲಿ ಒಂದು ಮಗು ‘ವ’ವನ್ನು ‘ಪ’ ಎಂದು ಓದಿತ್ತು. ಅದರ ನಂತರ ಬಂದ ಮಕ್ಕಳೂ ಒಬ್ಬರಾದ ಮೇಲೊಬ್ಬರು ಅಲ್ಲಿ ‘ಪ’ ಎಂದೇ ಓದಿದ್ದರು. ಎರಡು ಅಕ್ಷರವೂ ಹತ್ತಿರ ಹತ್ತಿರ ಇವೆ, ಮಕ್ಕಳಿಗೆ ಗೊಂದಲ ಎಂದುಕೊಂಡು ಒಂದು ತಪ್ಪು ಬಿಟ್ಟುಕೊಟ್ಟಿದ್ದೆ.

ಕನ್ನಡಕ ಕೊಟ್ಟೆ. ಮುಖ್ಯೋಪಾಧ್ಯಾಯರು ಟೀ ತರಿಸಿದರು. ಅವರು ಏನು ಮಾತಾಡಿದರೋ ನನ್ನ ಕಿವಿಗೆ ಬೀಳಲಿಲ್ಲ.

ಸಂಜೆ ಶಾಲೆ ಬಿಟ್ಟ ಮೇಲೆ ಬಸ್ಸಿಗೆಂದು ರಸ್ತೆಯ ಬದಿ ಬೇವಿನ ಮರದ ಕೆಳಗೆ ನಿಂತಿದ್ದೆ. ಕುಂಟೆಬಿಲ್ಲೆ ಆಡುತ್ತಿದ್ದವರಲ್ಲಿ ಒಬ್ಬಳು, ಎಂಟನೆಯ ತರಗತಿಯ ಹುಡುಗಿ, ಅಲ್ಲೇ ಬಂದು ನಿಂತಳು. ಎರಡು ಸ್ಟಾಪು ಆಚೆಯ ಹಟ್ಟಿಯವಳು. ದೂರದಲ್ಲಿ ಬಸ್ಸು ಕಾಣಿಸಿತು. ನನಗೆ ಅದರ ಬೋರ್ಡು ಸ್ಪಷ್ಟವಾಗಿ ಕಾಣುತ್ತಿತ್ತು.

“ಮೇಡಂ, ಬೋರ್ಡ್ ಏನೈತ್ರಿ?” ಎಂದು ಕೇಳಿದಳು.

“ನಿನಗೆ ಕಾಣಲ್ವೇನಮ್ಮ?”

“ಹತ್ರ ಬಂದ್ರೆ ಕಾಣ್ತೈತ್ರಿ. ಆದ್ರೆ ಅಷ್ಟೊತ್ತಿಗೆ ಕೈ ಮಾಡಾಕೆ ತಡ ಆಗ್ತೈತೆ. ನಿಲ್ಸದೇ ಹೋಗ್ತಾರೆ.”

ಚೀಲದಿಂದ ಪುಸ್ತಕ ತೆಗೆದು ಅವಳ ಹೆಸರು ಹುಡುಕಿದೆ. ಎರಡೂ ಕಣ್ಣು, ಕೊನೆಯ ಸಾಲು, ಒಂದು ತಪ್ಪು. ದೃಷ್ಟಿ ಸರಿಯಿದೆ ಎಂದು ನನ್ನದೇ ಅಕ್ಷರದಲ್ಲಿ ಬರೆದಿತ್ತು.

“ಅವತ್ತು ಎಲ್ಲಾ ಓದಿದ್ಯಲ್ಲ?”

ಅವಳು ತಲೆ ತಗ್ಗಿಸಿದಳು. ಕಾಲಿನ ಹೆಬ್ಬೆರಳಿಂದ ಮಣ್ಣು ಕೆದರಿದಳು. ಬೈಯುವುದಿಲ್ಲ ಎಂದು ಎರಡು ಸಲ ಹೇಳಿದ ಮೇಲೆ ಬಾಯಿಬಿಟ್ಟಳು.

“ಮುಂದಿನೋರು ಹೇಳದು ಕೇಳ್ಕಂಡು ಬಾಯಿಪಾಠ ಮಾಡಿದ್ದೆ ಮೇಡಂ. ನಂಗೆ ಮ್ಯಾಲಿನ ಎರಡು ಸಾಲು ಬಿಟ್ರೆ ಏನೂ ಕಾಣ್ತಿರ್ಲಿಲ್ಲ. ತಪ್ಪು ಹೇಳಿದ್ರೆ ಮಾರ್ಕ್ಸ್ ಕಡಿಮೆ ಬರ್ತಾವೆ ಅನ್ಕಂಡೆ.”

“ಪರೀಕ್ಷೆ ಅಂತ ಅನ್ಕಂಡ್ಯಾ?”

“ನೀವೇ ಅಂದ್ರಲ್ಲ ಮೇಡಂ, ಕಣ್ಣಿನ ಪರೀಕ್ಷೆ ಅಂತ.”

ಬಸ್ಸು ಹತ್ತಿರ ಬಂದಿತ್ತು. ನಾನೇ ಕೈ ಮಾಡಿ ನಿಲ್ಲಿಸಿದೆ. ಅವಳು ಹತ್ತಿ ಕಿಟಕಿಯ ಪಕ್ಕ ಕೂತು, ‘ನೀವು ಬರಲ್ವಾ’ ಎನ್ನುವಂತೆ ನೋಡಿದಳು. ನನಗೆ ಬೇಕಾದ ಬಸ್ಸೂ ಅದೇ ಆಗಿತ್ತು. ಆದರೆ ಅವಳ ಪಕ್ಕ ಕೂತು ಹೋಗುವ ಧೈರ್ಯ ಬರಲಿಲ್ಲ. ಅರ್ಧ ಗಂಟೆ ಆ ಮರದ ಕೆಳಗೇ ನಿಂತು ಇನ್ನೊಂದು ಬಸ್ಸು ಹಿಡಿದೆ.

ಯಾವ ಮಕ್ಕಳ ಮೇಲೂ ಸಿಟ್ಟು ಬರಲಿಲ್ಲ. ಕೇಳಿಸಿಕೊಂಡು ನೆನಪಿಟ್ಟುಕೊಳ್ಳುವುದನ್ನೇ ಅಲ್ಲವೇ ನಾವು ಶಾಲೆಯಲ್ಲಿ ಕಲಿಸುವುದು. ಸಿಟ್ಟು ಬಂದದ್ದು ನನ್ನ ಮೇಲೆ. ಚನ್ನಗಿರಿಯಲ್ಲಿ ಜಗಳೂರಿನ ಅರ್ಧದಷ್ಟು ಮಕ್ಕಳಿಗೆ ಮಾತ್ರ ತೊಂದರೆ ಕಂಡಿದ್ದರೆ, ಎಲ್ಲೋ ಎಡವಿದ್ದೇನೆ ಎಂದು ಮತ್ತೆ ಮತ್ತೆ ಕೆದಕುತ್ತಿದ್ದೆ. ನನಗೆ ಬೇಕಾದ ಉತ್ತರವೇ ಬಂದದ್ದರಿಂದ ಪ್ರಶ್ನೆ ಕೇಳುವುದನ್ನು ನಿಲ್ಲಿಸಿಬಿಟ್ಟಿದ್ದೆ. ಇಷ್ಟೆಲ್ಲ ಗೊತ್ತಾದ ಮೇಲೂ, ಇದನ್ನು ಯಾರಿಗೂ ಹೇಳದೆ ಆ ಹುಡುಗಿಗೆ ಮಾತ್ರ ಕನ್ನಡಕ ಮಾಡಿಸಿಕೊಟ್ಟರೆ ಹೇಗೆ ಎಂಬ ಯೋಚನೆ ಬಸ್ಸಿನಲ್ಲಿ ಬಂತು. ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಬಂದದ್ದು ನಿಜ.

ಮರುದಿನ ಬೆಳಿಗ್ಗೆ ಡಾಕ್ಟರ ಮುಂದೆ ಹೋಗಿ ನಿಂತೆ. ವರಾಂಡ, ಸಾಲು, ಕುಂಟೆಬಿಲ್ಲೆ, ಬಸ್ಸು ಎಲ್ಲ ಹೇಳಿದೆ. ಅವರು ಪೆನ್ನು ಮುಚ್ಚಿಟ್ಟರು.

“ಯಾರೂ ಕೇಳಿರಲಿಲ್ಲ. ನೀವಾಗಿ ಬಂದು ಹೇಳಿದ್ರಿ,” ಎಂದರು. “ಹೋಗಿ, ಮತ್ತೆ ಮಾಡಿ.”

ಈ ಸಲ ಅಕ್ಷರದ ಚಾರ್ಟು ಬಿಟ್ಟೆ. ಇಂಗ್ಲಿಷಿನ ‘E’ ಅಕ್ಷರವನ್ನು ನಾಲ್ಕೂ ದಿಕ್ಕಿಗೆ ತಿರುಗಿಸಿ ಬರೆದ ಚಾರ್ಟು ತೆಗೆದುಕೊಂಡೆ. ಅದರ ಕಾಲುಗಳು ಯಾವ ಕಡೆ ಇವೆ ಎಂದು ಮಗು ಬಾಯಿಬಿಡದೆ ಬೆರಳಲ್ಲಿ ತೋರಿಸಬೇಕು. ನಾಲ್ಕು ಬೇರೆ ಬೇರೆ ಚಾರ್ಟು ಇಟ್ಟುಕೊಂಡು ಬದಲಾಯಿಸುತ್ತಿದ್ದೆ. ಬಾಗಿಲು ಹಾಕಿಯೇ ಪರೀಕ್ಷೆ. ಕೋಣೆಯಿಲ್ಲದ ಕಡೆ ಬೆಂಚುಗಳನ್ನು ಹೊರಗೆ ಹಾಕಿಸಿ ತರಗತಿಯನ್ನೇ ಖಾಲಿ ಮಾಡಿಸಿದೆ. ಒಂದು ಶಾಲೆಯಲ್ಲಿ ಬಿಸಿಯೂಟದ ಅಕ್ಕಿ ಮೂಟೆಗಳ ಕೋಣೆಯಲ್ಲಿ, ಮೂಲೆಯಿಂದ ಮೂಲೆಗೆ ಟೇಪು ಹಿಡಿದು ಹೇಗೋ ಇಪ್ಪತ್ತು ಅಡಿ ಹೊಂದಿಸಿದೆ. ಪ್ರತಿ ಮಗುವಿಗೂ ಮೊದಲೇ ಹೇಳುತ್ತಿದ್ದೆ: “ಇದಕ್ಕೆ ಮಾರ್ಕ್ಸ್ ಇಲ್ಲ. ಕಾಣ್ಲಿಲ್ಲ ಅಂದ್ರೆ ಕಾಣಲ್ಲ ಅನ್ನು. ಅದೇ ಸರಿಯಾದ ಉತ್ತರ.”

ಅದೇ ಇನ್ನೂರು ಮಕ್ಕಳು. ಹನ್ನೆರಡು ಇದ್ದದ್ದು ಇಪ್ಪತ್ತೊಂದು ಆಯಿತು. ಒಂಬತ್ತು ಮಕ್ಕಳು ನನ್ನ ಕೈಯಿಂದ ಜಾರಿಹೋಗಿದ್ದರು. ನ್ಯಾಯ ಎರಡೂ ಕಡೆಗೆ ಒಂದೇ ಇರಲಿ ಎಂದು ಚನ್ನಗಿರಿಯ ಮಕ್ಕಳನ್ನೂ ಹೊಸ ಚಾರ್ಟಿನಲ್ಲಿ ಮತ್ತೆ ನೋಡಿದೆ. ಅಲ್ಲಿ ಇಪ್ಪತ್ತಾರು ಇಪ್ಪತ್ತಾರಾಗಿಯೇ ಉಳಿಯಿತು.

ಮೇಷ್ಟ್ರ ಮನೆಗೆ ಹೋಗಿ ಸ್ಲೇಟು ಕೇಳಿದೆ. ಈ ಸಲ ಗೆರೆ ಎಳೆದದ್ದು ನಾನು, ನೋಡಿದವರು ಅವರು. ಅಂತರ ನೂರಕ್ಕೆ ಎರಡೂವರೆಗೆ ಇಳಿದಿತ್ತು. ಗೆರೆಯ ಒಂದು ತುದಿ ಸೊನ್ನೆಯನ್ನು ದಾಟಿ ಆಚೆಗೆ ನಾಲ್ಕರ ಹತ್ತಿರ ಹೋಯಿತು, ಇನ್ನೊಂದು ತುದಿ ಈಚೆಗೆ ಒಂಬತ್ತರ ಹತ್ತಿರ ಬಂತು.

“ಸೊನ್ನೆ ಒಳಗೆ ಬಂತು ಸರ್. ಅಂದ್ರೆ ಎರಡೂ ಕಡೆ ಒಂದೇ.”

“ಹಂಗೂ ಹೇಳಾಕೆ ಬರಲ್ಲಮ್ಮ. ಗೆರೆಯೊಳಗೆ ಸೊನ್ನೆ ಒಂದೇ ಐತಾ? ಚನ್ನಗಿರಿ ಕಡೆ ಎಂಟು ಹೆಚ್ಚು ಅನ್ನೋದೂ ಐತೆ, ಜಗಳೂರಿನ ಕಡೆ ಮೂರು ಹೆಚ್ಚು ಅನ್ನೋದೂ ಐತೆ. ಇಷ್ಟು ಮಕ್ಕಳನ್ನ ನೋಡಿ ಯಾವುದು ಅಂತ ಹೇಳಾಕೆ ಆಗಲ್ಲ. ಅಷ್ಟೇ ಬರೀರಿ.”

“ಗೊತ್ತಿಲ್ಲ ಅಂತ ಬರೀಲಾ?”

“ಎಷ್ಟು ಗೊತ್ತಿಲ್ಲ ಅಂತ ಬರೀರಿ. ಗೆರೆ ಎಳೆದಿದ್ದೀರಲ್ಲ, ಅದು ಹೇಳೋದೂ ಅದನ್ನೇ.”

ಮುಂದಿನ ಸಭೆಯಲ್ಲಿ ಅದೇ ಬೋರ್ಡಿನ ಮುಂದೆ ನಿಂತೆ. ನಾನು ಹೇಳಿದ್ದು ತಪ್ಪು, ತಪ್ಪಿದ್ದು ಹೀಗೆ, ಈಗಿನ ಗೆರೆ ಇದು ಎಂದೆ. ಬಯಲು, ಬಿಸಿಲು ಎಂದು ಕಾರಣ ಕೊಟ್ಟಿದ್ದವರು ಮೊಬೈಲು ನೋಡುತ್ತಿದ್ದರು. ಹೊನ್ನಾಳಿಯ ಸಹೋದ್ಯೋಗಿ ಈ ಸಲ ತಮಾಷೆ ಮಾಡಲಿಲ್ಲ. “ನಾನೂ ಹೋದ ವರ್ಷ ನಮ್ ಗೋವಿನಕೋವಿ ಶಾಲೇಲಿ ವರಾಂಡದಲ್ಲೇ ಮಾಡಿದ್ದು ಮೇಡಂ. ಹೋಗಿ ಮತ್ತೆ ಮಾಡ್ತೀನಿ,” ಎಂದರು. ಯಾವ ತಾಲ್ಲೂಕನ್ನೂ ಕೊನೆಗೆ ಇಡುವುದು ಬೇಡ, ನಾಲ್ಕೂ ಕಡೆ ಒಟ್ಟಿಗೇ ಶುರು ಮಾಡೋಣ, ಬಾಗಿಲು ಹಾಕಿಯೇ ಮಾಡೋಣ ಎಂದು ಡಾಕ್ಟರು ಹೇಳಿದರು.

ಒಂಬತ್ತು ಕನ್ನಡಕಗಳನ್ನು ನಾನೇ ಮನೆಮನೆಗೆ ಕೊಂಡುಹೋದೆ. ಆ ಎಂಟನೆಯ ತರಗತಿಯ ಹುಡುಗಿಯ ಮನೆಗೆ ಹೋದದ್ದು ಒಂದು ಭಾನುವಾರ. ಮನೆಯ ಮುಂದೆ ಅವಳ ಅವ್ವ ಶೇಂಗಾ ಬಿಡಿಸುತ್ತಾ ಕೂತಿದ್ದರು. ನಾನು ಬಂದ ವಿಷಯ ಕೇಳಿ ಮೊದಲು ಅವರಿಗೆ ನಂಬಿಕೆ ಬರಲಿಲ್ಲ.

“ಇಷ್ಟು ಸಣ್ಣೋಳಿಗೆ ಕನ್ನಡಕ ಯಾಕ್ರಿ? ಕಣ್ಣು ಚೆನ್ನಾಗೈತಲ್ಲ. ಸೂಜಿಗೆ ದಾರ ಅವಳೇ ಪೋಣಿಸಿ ಕೊಡೋದು.”

“ಹತ್ರದ್ದು ಕಾಣ್ತೈತೆ ಅಕ್ಕ. ದೂರದ್ದು ಕಾಣಲ್ಲ,” ಎಂದೆ.

ಹುಡುಗಿ ಕನ್ನಡಕ ಹಾಕಿಕೊಂಡಳು. ಮೂಗಿನ ಮೇಲೆ ಸರಿಯಾಗಿ ಕೂರುವಂತೆ ನಾನು ಅದರ ಕಡ್ಡಿಗಳನ್ನು ಸ್ವಲ್ಪ ಬಗ್ಗಿಸಿದೆ. ಅವಳು ಹೊಲದ ಕಡೆ ತಿರುಗಿ ಬಹಳ ಹೊತ್ತು ನೋಡಿದಳು. ಆಮೇಲೆ, “ಅವ್ವ, ಅಲ್ಲಿ ನಮ್ದು ಕಪ್ಪು ಕಿವಿ ಕುರಿ ಬೇಲಿ ಹತ್ರ ಹೋಗ್ತೈತೆ,” ಎಂದಳು. ಕುರಿಗಳು ಎರಡು ಹೊಲದಾಚೆ ಇದ್ದವು.

ಅವ್ವನ ಕೈ ಶೇಂಗಾದ ಮೇಲೆ ನಿಂತಿತು. “ಹೋದ ಬೇಸಿಗೇಲಿ ಇವಳನ್ನ ಕುರಿ ಹಿಂದೆ ಬಿಟ್ಟಿದ್ವಿ,” ಎಂದರು, ನನಗೋ ತಮಗೋ ತಿಳಿಯದ ಹಾಗೆ. “ಮೂರು ಸಲ ಬೇರೆಯೋರ ಹೊಲಕ್ಕೆ ನುಗ್ಗಿದ್ವು. ಕೂತ್ಕಂಡು ಕನಸು ಕಾಣ್ತಾಳೆ, ಲಕ್ಷ್ಯ ಇಲ್ಲ ಅಂತ ಹೊಡೆದೆ. ಅವಳೂ ಕಾಣಲ್ಲ ಅಂತ ಹೇಳ್ಲೇ ಇಲ್ಲ ನೋಡ್ರಿ.”

“ಎಲ್ರಿಗೂ ಅಷ್ಟೇ ಕಾಣದು ಅನ್ಕಂಡಿದ್ದೆ ಅವ್ವ,” ಎಂದಳು ಹುಡುಗಿ.

ಅವ್ವ ಸೆರಗಿನಿಂದ ಕೈ ಒರೆಸಿಕೊಂಡರು. ಮಗಳ ಮುಖ ನೋಡಿದರು, ಕನ್ನಡಕದ ಗಾಜಿಗೆ ಬೆರಳು ತಾಗಿಸಿ ತಟ್ಟನೆ ಹಿಂದೆಗೆದರು. ಮಾತು ಮುಗಿದ ಮೇಲೆ ನಾನು ಚೀಲ ತೆಗೆದುಕೊಂಡು ಹೊರಟೆ. ಅವರು ಹಿಂದೆಯೇ ಬಂದರು.

“ಮೇಡಂ, ನಂಗೂ ಒಂಚೂರು ನೋಡ್ರಿ. ನಾನೂ ಎಲ್ರಿಗೂ ಇಷ್ಟೇ ಕಾಣದು ಅನ್ಕಂಡೇನಿ.”

ಚೀಲ ಕೆಳಗಿಟ್ಟೆ. ಹುಡುಗಿ ಟೇಪಿನ ತುದಿ ಹಿಡಿದು ಗೋಡೆಯ ಹತ್ತಿರ ನಿಂತಳು. ನಾನು ಇನ್ನೊಂದು ತುದಿ ಹಿಡಿದು ಇಪ್ಪತ್ತು ಅಡಿ ಎಣಿಸುತ್ತಾ ಅಂಗಳದಲ್ಲಿ ಹಿಂದೆ ಹಿಂದೆ ಸರಿದೆ.